ಅಪ್ಪ ಹಾಕಿದ ಬೆಸುಗೆ

ದೊಡ್ಡೋನ ದೋಣಿಯ ಇಂಜಿನ್ ಎಷ್ಟು ಹಳೇದು ಅಂದ್ರೆ, ಅದನ್ನು ಕೂರಿಸಿದ ಕಾಲಕ್ಕೆ ಹೊಳೆ ಇನ್ನೂ ಇಷ್ಟು ಅಗಲ ಇರಲಿಲ್ಲ ಅಂತ ದಡದ ಜನ ಹೇಳ್ತಿದ್ರು. ದೊಡ್ಡೋನು ಆ ಮಾತನ್ನ ಅಲ್ಲಗಳೀತಿರಲಿಲ್ಲ. ದಿನಾ ಆಚೆ ದಡಕ್ಕೆ ಜನ ಸಾಗಿಸೋದು, ಆಚೆಯಿಂದ ಈಚೆಗೆ ತರೋದು ಅವನ ಕೆಲಸ. ಅವನಪ್ಪನೂ ಇದೇ ದೋಣಿಯಲ್ಲಿ, ಇದೇ ಇಂಜಿನ್ನಿನ ಬೆನ್ನು ತಟ್ಟಿ ತಟ್ಟಿ, ಇದೇ ಕೆಲಸ ಮಾಡಿದ್ದ. ಇಂಜಿನ್ನು ಗುಣದಲ್ಲಿ ಬಂಗಾರ. ಒಂದೇ ಒಂದು ಕೆಟ್ಟ ಚಾಳಿ ಇತ್ತು. ಕಾರ್ಬೋರೇಟರ್ ಸೋರುತ್ತಿತ್ತು.

ಮೊದಮೊದಲು ತೊಟ್ಟು ತೊಟ್ಟಾಗಿ ಸೋರುತ್ತಿತ್ತು. ದಡದ ಮೇಲೆ ಅಂಗಡಿ ಇಟ್ಟಿದ್ದ ಕ್ಷೌರದವನು ಆ ಟಪ್ ಟಪ್ ಶಬ್ದದ ಲೆಕ್ಕಕ್ಕೆ ಕತ್ತರಿ ಆಡಿಸ್ತಿದ್ದ. ಹಾಗಾಗಿ ಸೋರೋದು ಜಾಸ್ತಿಯಾದ ವಾರ ದಡದ ಗಂಡಸರ ತಲೆಯೆಲ್ಲ ಬೇಗ ಬೇಗ ಬೋಳಾಯ್ತು. ದೊಡ್ಡೋನಿಗೆ ಆಗ ಎಚ್ಚರ ಆಗಬೇಕಿತ್ತು. ಆಗಲಿಲ್ಲ. ಅವನು ಸೋಪು ತಂದ.

ಪೆಟ್ರೋಲ್ ಸೋರೋ ಜಾಗಕ್ಕೆ ಬಟ್ಟೆ ಸೋಪು ಮೆತ್ತಿದ್ರೆ ಸ್ವಲ್ಪ ಹೊತ್ತು ನಿಲ್ಲುತ್ತೆ. ಇಂಜಿನ್ ಇಟ್ಟವರಿಗೆಲ್ಲ ಗೊತ್ತಿರೋ ಉಪಾಯ ಇದು, ಮನೆ ತಲುಪೋ ತನಕ ಸಾಕು ಅಂತ ಮಾಡೋದು. ದೊಡ್ಡೋನು ಇದನ್ನ ವರ್ಷಗಟ್ಟಲೆ ಮಾಡಿದ. ಮೆತ್ತಿದ ಮೇಲೆ ಮೆತ್ತಿ ಇಂಜಿನ್ನು ಗೆದ್ದಲು ಹುತ್ತದ ಹಾಗೆ ಬೆಳೀತು. ಮಳೆ ಬಂದ ದಿನ ದೋಣಿಯ ಹಿಂದೆ ಮೊಣಕಾಲುದ್ದ ನೊರೆ ಏಳುತ್ತಿತ್ತು. ಬಟ್ಟೆ ಒಗೆಯೋಕೆ ಬಂದ ಹೆಂಗಸರು ದೋಣಿ ಬರಲಿ ಅಂತ ಕಾದು ಕೂತು, ಬಂದ ಮೇಲೆ ಬಟ್ಟೆ ಅದ್ದುತ್ತಿದ್ರು.

"ಈ ಮನೇಲಿ ಸೋಪು ಹಚ್ಕೊಳ್ಳೋದು ಇಂಜಿನ್ ಒಂದೇ," ಅಂತ ದೊಡ್ಡೋನ ಹೆಂಡತಿ ಹೇಳ್ತಿದ್ಲು. "ನಾವೆಲ್ಲ ನೀರಲ್ಲೇ ತೊಳ್ಕೊಳ್ಳೋ ಜಾತಿ."

ಹೀಗೆ ಚೆನ್ನಾಗೇ ನಡೀತಿತ್ತು, ಮೂಗಿನ ಸಾಹೇಬ್ರು ಬರೋವರೆಗೂ.

ಅವರು ದೋಣಿ ತಪಾಸಣೆ ಮಾಡೋ ಇನ್ಸ್‌ಪೆಕ್ಟರು. ಆಚೆ ದಡದ ಮನೆಯಲ್ಲಿ ಹಾಲು ಉಕ್ಕಿದ್ರೆ ಈಚೆ ದಡದಲ್ಲಿ ನಿಂತು "ಎಡಗಡೆ ಒಲೆ" ಅಂತ ಹೇಳೋ ಮೂಗು ಅವರದ್ದು. ದೋಣಿಗೆ ಕಾಲಿಡೋ ಮುಂಚೆಯೇ, ಮೆಟ್ಟಿಲ ಮೇಲೆ ನಿಂತು ಒಂದು ಸಲ ಉಸಿರೆಳೆದರು.

"ಪೆಟ್ರೋಲು," ಅಂದ್ರು. ಆಮೇಲೆ ಇನ್ನೊಂದು ಸಲ ಎಳೆದು, "ಮೇಲೆ ಸೋಪು," ಅಂದ್ರು.

"ಸ್ವಲ್ಪ ಸ್ವಚ್ಛತೆ ಜಾಸ್ತಿ ಸಾಹೇಬ್ರೆ ನಮ್ಮಲ್ಲಿ," ಅಂದ ದೊಡ್ಡೋನು.

ಸಾಹೇಬ್ರು ನಗಲಿಲ್ಲ. "ಇದರಲ್ಲಿ ಕೂತವನು ಒಬ್ಬ ಬೀಡಿ ಹಚ್ಚಿದ್ರೆ ನೀನು ಹೊಳೆ ದಾಟಿಸಲ್ಲ, ನೇರ ಮೇಲಕ್ಕೆ ದಾಟಿಸ್ತೀಯ. ನಾಳೆ ಮಧ್ಯಾಹ್ನ ಬರ್ತೀನಿ. ಕಾರ್ಬೋರೇಟರ್ ಕೆಳಗೆ ನನ್ನ ಕರವಸ್ತ್ರ ಹಾಸಿ, ನಾನೇ ಕೂತು ಆಚೆ ದಡಕ್ಕೆ ಹೋಗ್ತೀನಿ. ಒಂದು ಹನಿ ಬಿದ್ರೆ ದೋಣಿಗೆ ಸರಪಳಿ, ಬೀಗ."

"ಹನಿ ಬೀಳದ ಹಾಗೆ..."

"ಸೋಪಿನ ವಾಸನೆ ಬಂದ್ರೂ ಸರಪಳಿ."

ದೊಡ್ಡೋನು ಮನೆಗೆ ಬಂದು ಗೋಡೆಗೆ ಒರಗಿ ಕೂತ. ಸರಪಳಿ ಬಿದ್ರೆ ಮುಂದೇನು ಅನ್ನೋದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹೆಂಡತಿಯ ಅಣ್ಣ ಅಂಗಿ ಗುಂಡಿ ಮಾಡೋ ಕಾರ್ಖಾನೆಯಲ್ಲಿ ಮೇಸ್ತ್ರಿ. ಗೇಟಿನ ಹತ್ರ ಕಾವಲಿಗೆ ಒಂದು ಕುರ್ಚಿ ಖಾಲಿ ಇದೆ, ಬಂದು ಕೂತ್ಕೊಳ್ಳಿ ಭಾವ ಅಂತ ಎಷ್ಟೋ ಸಲ ಕರೆದಿದ್ದ. ಒಂದು ಸಲ ದೊಡ್ಡೋನು ಹೋಗಿ ಕೂತೂ ನೋಡಿದ್ದ. ಹುಟ್ಟಿದಾಗಿನಿಂದ ಅಲ್ಲಾಡೋ ಹಲಗೆ ಮೇಲೆ ಕೂತವನು. ಆ ಕುರ್ಚಿ ಅಲ್ಲಾಡಲೇ ಇಲ್ಲ. ಅಲ್ಲಾಡದೆ ಅಲ್ಲಾಡದೆ ತಲೆ ಸುತ್ತಿ ಬಂದು, ಗೇಟಿನ ಪಕ್ಕದಲ್ಲೇ ವಾಂತಿ ಮಾಡ್ಕೊಂಡು ಮನೆಗೆ ಬಂದಿದ್ದ.

"ಕುರ್ಚಿಗೆ ಹೋಗಲ್ಲ," ಅಂದ.

"ನಾನೆಲ್ಲಿ ಹೋಗಿ ಅಂದೆ? ಮೊದಲು ಆ ಕಾರ್ಬೋರೇಟರ್ ಬಿಚ್ಚಿ," ಅಂದ್ಲು ಹೆಂಡತಿ.

ಬಿಚ್ಚಬೇಕಾದ್ರೆ ಸೋಪು ಕೆರೀಬೇಕು. ಇಬ್ಬರೂ ಕೂತು ಚಾಕು, ಚಮಚ, ಚಿಪ್ಪು ಹಿಡಿದು ಕೆರೆದರು. ಒಂದು ಪದರದಲ್ಲಿ ಎಂದೋ ಕಳೆದುಹೋಗಿದ್ದ ಸ್ಪ್ಯಾನರ್ ಸಿಕ್ತು. ಇನ್ನೂ ಒಳಗಿನ ಪದರದಲ್ಲಿ ಹೆಂಡತಿಯ ಬಾಚಣಿಗೆ ಸಿಕ್ತು. ಅದು ಅಲ್ಲಿಗೆ ಹೇಗೆ ಹೋಯ್ತು ಅಂತ ಅವಳು ಕೇಳಿದ್ಲು, ಅವನು ಕೆಮ್ಮಿದ. ಪೂರ್ತಿ ಕೆರೆದ ಮೇಲೆ ನೋಡಿದ್ರೆ ಇಂಜಿನ್ನಿನ ಬಣ್ಣ ಹಸಿರು. ದೊಡ್ಡೋನು ಇಷ್ಟು ವರ್ಷ ಅದು ಬಿಳೀದು ಅಂದ್ಕೊಂಡಿದ್ದ.

ಕಾರ್ಬೋರೇಟರಿನ ತಳದ ಬಟ್ಟಲು ಕಳಚಿ, ಒಳಗಿದ್ದ ಬುರುಡೆ ತೆಗೆದ. ಇದೊಂದು ತೆಳು ಹಿತ್ತಾಳೆಯ ಪೊಳ್ಳು ಡಬ್ಬಿ. ಬಟ್ಟಲಿಗೆ ಪೆಟ್ರೋಲ್ ಬರ್ತಾ ಬರ್ತಾ ಇದು ತೇಲಿ ಮೇಲೇಳುತ್ತೆ, ಮೇಲಿರೋ ಒಂದು ಸೂಜಿಯನ್ನ ಒತ್ತುತ್ತೆ, ಸೂಜಿ ಪೆಟ್ರೋಲ್ ಬರೋ ತೂತು ಮುಚ್ಚುತ್ತೆ. ಬುರುಡೆ ತೇಲಿದ್ರೆ ಎಲ್ಲ ಸರಿ. ಮುಳುಗಿದ್ರೆ ತೂತು ಮುಚ್ಚೋರಿಲ್ಲ, ಬಟ್ಟಲು ತುಂಬಿ ಹೊರಗೆ ಸೋರುತ್ತೆ. ದೊಡ್ಡೋನು ಬುರುಡೆಯನ್ನ ಕಿವಿ ಹತ್ರ ಹಿಡಿದು ಅಲ್ಲಾಡಿಸಿದ. ಒಳಗೆ ಕುಳು ಕುಳು ಅಂತು.

"ನೀರು ಕುಡಿದ ಎಳೆಗರುವಿನ ಹೊಟ್ಟೆ ಹಾಗಿದೆ," ಅಂದ. "ಎಲ್ಲೋ ತೂತಿದೆ. ಒಳಗೆ ಪೆಟ್ರೋಲ್ ಹೋಗಿದೆ."

"ತೂತಿಗೆ ಜಾಗ ಎಲ್ಲಿದೆ ರೀ ಅದರಲ್ಲಿ?" ಅಂದ್ಲು ಹೆಂಡತಿ.

ಅವಳ ಮಾತು ನಿಜ. ಬುರುಡೆ ಪೂರ್ತಿ ಬೆಸುಗೆಯ ಗಂಟುಗಳು. ಹಲಸಿನಕಾಯಿ ಮೈ. ಅದರಲ್ಲಿ ಎಲ್ಲಕ್ಕಿಂತ ದೊಡ್ಡ ಗಂಟು ಅಪ್ಪನದು.

ಆ ಗಂಟಿಗೆ ಒಂದು ಚರಿತ್ರೆ ಇತ್ತು. ಅಪ್ಪನ ಕಾಲದಲ್ಲಿ ಒಂದು ದಿನ ನಡುಹೊಳೆಯಲ್ಲಿ ಬುರುಡೆಯ ಅಂಚು ಬಿಟ್ಟಿತು. ದೋಣಿ ತುಂಬ ಜನ, ಹೊಳೆ ತುಂಬ ನೀರು. ಅಪ್ಪ ದೋಣಿಯನ್ನ ಹೊಳೆ ಹರಿದ ಕಡೆಗೆ ಹಾಗೇ ಬಿಟ್ಟು, ಇಂಜಿನ್ನಿನ ಹೊಗೆ ಕೊಳವೆಯ ಕಾವಿಗೆ ಮೊಳೆ ಕಾಯಿಸಿ, ಕೂತವರೊಬ್ಬರ ಬಲೆಯ ಸೀಸದ ಗುಂಡು ಕರಗಿಸಿ ಬೆಸುಗೆ ಹಾಕಿದ. ದೋಣಿ ಕಡಲು ಸೇರೋಕೆ ಒಂದು ತಿರುವು ಬಾಕಿ ಇದ್ದಾಗ ಇಂಜಿನ್ ಶುರುವಾಯ್ತು ಅಂತ ಕತೆ. ಆವತ್ತಿನಿಂದ ಅಪ್ಪ ಹೇಳ್ತಿದ್ದದ್ದು ಒಂದೇ ಮಾತು: "ಇಂಜಿನ್ ಕರಗಿದ್ರೂ ನನ್ನ ಬೆಸುಗೆ ಕರಗಲ್ಲ." ಗಂಡುಮಕ್ಕಳಿಬ್ಬರೂ ಆ ಮಾತು ಕೇಳ್ತಾ ಮೀಸೆ ಬೆಳೆಸಿದ್ರು.

ಅಪ್ಪ ಹೋದ ಮೇಲೆ ಬುರುಡೆ ಮತ್ತೆ ಸೋರ್ತು. ಅಪ್ಪನ ಬೆಸುಗೆ ಸೋರೋ ಮಾತೇ ಇಲ್ಲ. ಅದನ್ನ ಅನುಮಾನದಿಂದ ನೋಡೋದೂ ತಪ್ಪು. ಹಾಗಾಗಿ ತಮ್ಮ, ಅಂದ್ರೆ ಚಿಕ್ಕೋನು, ಬೇರೆ ಕಡೆ ಒಂದು ಬೆಸುಗೆ ಹಾಕಿದ. ನಿಲ್ಲಲಿಲ್ಲ. ದೊಡ್ಡೋನು ಇನ್ನೊಂದು ಕಡೆ ಹಾಕಿದ. ನಿಲ್ಲಲಿಲ್ಲ.

"ನಿನ್ನ ಬೆಸುಗೆ ಎಂಜಲು ಅಂಟಿಸಿದ ಹಾಗಿದೆ," ಅಂದ ಅಣ್ಣ.

"ನಿನ್ನದು ಗುಬ್ಬಚ್ಚಿ ಹಿಕ್ಕೆ ಹಾಕಿದ ಹಾಗಿದೆ," ಅಂದ ತಮ್ಮ.

ಮಾತಿಗೆ ಮಾತು ಬೆಳೆದು ಚಿಕ್ಕೋನು ನಡುಹೊಳೆಯಲ್ಲೇ ದೋಣಿ ಇಳಿದು ಹೋದ. ಈಜಿಕೊಂಡು ಹೋದ ಅನ್ನೋರಿದ್ದಾರೆ. ಸಿಟ್ಟಲ್ಲಿ ನಡ್ಕೊಂಡೇ ಹೋದ, ಕಾಲು ಒದ್ದೆ ಆಗಿರಲಿಲ್ಲ ಅಂತ ಕ್ಷೌರದವನು ಇವತ್ತಿಗೂ ಹೇಳ್ತಾನೆ. ಹೋದವನು ಹಿಂದಿನ ಓಣಿಯಲ್ಲಿ ತಗಡಿನ ಅಂಗಡಿ ಹಾಕ್ದ. ಡಬ್ಬ, ಆಲಿಕೆ, ಬಕೆಟ್ಟು, ಒಡೆದದ್ದು ತೂತಾದದ್ದು ಎಲ್ಲಕ್ಕೂ ಬೆಸುಗೆ. ಇತ್ತ ದೊಡ್ಡೋನು ಒಬ್ಬನೇ ಇನ್ನೂ ನಾಲ್ಕಾರು ಗಂಟು ಹಾಕಿ, ಅದೂ ನಿಲ್ಲದೆ ಸೋಪಿಗೆ ಇಳಿದ. ಆಮೇಲೆ ಅಣ್ಣ ತಮ್ಮ ಒಬ್ಬರಿಗೊಬ್ಬರು ಒಂದು ಮಾತೂ ಆಡಲಿಲ್ಲ. ಎದುರೆದುರು ಸಿಕ್ಕಾಗ ಆಡಲೇಬೇಕಾದ್ದನ್ನ ಹತ್ತಿರ ಇದ್ದ ಗೋಡೆಗೋ ಕಂಬಕ್ಕೋ ಆಡ್ತಿದ್ರು.

ಈಗ ದೊಡ್ಡೋನ ಹೆಂಡತಿ ಬುರುಡೆಯನ್ನ ಬಟ್ಟೆಯಲ್ಲಿ ಸುತ್ಕೊಂಡು ಎದ್ದಳು.

"ಎಲ್ಲಿಗೆ?"

"ನಿಮ್ಮ ತಮ್ಮನ ಅಂಗಡಿಗೆ."

"ನನಗೆ ತಮ್ಮ ಇಲ್ಲ."

"ಹೌದಾ? ಹಾಗಾದ್ರೆ ಯಾರದೋ ಅಂಗಡಿಗೆ. ನೀವು ಬರ್ಬೇಡಿ."

ದೊಡ್ಡೋನು ಹೋಗಲಿಲ್ಲ. ಸುಮ್ನೆ ಕಾಲಾಡಿಸೋಕೆ ಅಂತ ಎದ್ದ. ಕಾಲುಗಳು ತಾವಾಗೇ ಹಿಂದಿನ ಓಣಿಗೆ ತಿರುಗಿದವು.

ಚಿಕ್ಕೋನು ನೆಲದ ಮೇಲೆ ಕೂತು ಒಂದು ನೀರು ಹಾಕೋ ಡಬ್ಬದ ಮೂತಿ ಸರಿ ಮಾಡ್ತಿದ್ದ. ಅತ್ತಿಗೆಯನ್ನ ನೋಡಿ ಎದ್ದು ಮಣೆ ಕೊಟ್ಟ. ಅವಳ ಹಿಂದೆ ಬಾಗಿಲಲ್ಲಿ ನಿಂತವನನ್ನ ನೋಡಿ ಡಬ್ಬದ ಕಡೆ ತಿರುಗಿದ.

"ಏನು ಡಬ್ಬ," ಅಂದ ಡಬ್ಬಕ್ಕೆ, "ಸೂರ್ಯ ಇವತ್ತು ಯಾವ ಕಡೆ ಹುಟ್ಟಿದ?"

ದೊಡ್ಡೋನು ಬಾಗಿಲ ಚೌಕಟ್ಟು ಸವರಿದ. "ಚೌಕಟ್ಟೇ, ನಾನು ಗಾಳಿ ತಗೊಳ್ಳೋಕೆ ಬಂದೆ. ಬೇರೆ ಯಾರಿಗಾದ್ರೂ ಬೇರೆ ಏನಾದ್ರೂ ಅನಿಸಿದ್ರೆ ಅದು ಅವರ ಹಣೆಬರಹ."

"ಸಾಕು," ಅಂದ್ಲು ಅತ್ತಿಗೆ. "ನಾನೇನು ಪೋಸ್ಟ್ ಆಫೀಸ್ ಇಟ್ಟಿಲ್ಲ. ನಾಳೆ ಮಧ್ಯಾಹ್ನದೊಳಗೆ ಇದು ಸೋರಬಾರದು. ಸೋರಿದ್ರೆ ದೋಣಿಗೆ ಸರಪಳಿ, ನಿಮ್ಮಣ್ಣ ಗುಂಡಿ ಕಾರ್ಖಾನೆ ಕುರ್ಚಿಗೆ."

ಚಿಕ್ಕೋನು ಡಬ್ಬ ಪಕ್ಕಕ್ಕಿಟ್ಟ. ಅಣ್ಣ ಆ ಕುರ್ಚಿಯಲ್ಲಿ ಕೂತು ವಾಂತಿ ಮಾಡಿದ ಕತೆ ಓಣಿಗೆಲ್ಲ ಗೊತ್ತಿತ್ತು. ಅವನು ಬುರುಡೆ ತಗೊಂಡ, ತಿರುಗಿಸಿ ತಿರುಗಿಸಿ ನೋಡಿದ, ಕೈಯಲ್ಲಿ ತೂಗಿದ.

"ಅಯ್ಯೋ ಅತ್ತಿಗೆ, ಇದು ತೇಲೋ ಬುರುಡೆ ಅಲ್ಲ, ಲಂಗರು. ಈ ಹೊಸ ಗಂಟುಗಳೆಲ್ಲ ಯಾರ ಕೈಚಳಕ?"

"ಚೌಕಟ್ಟೇ, ಕೆಲಸ ಬಿಟ್ಟು ಓಡಿಹೋದವರಿಗೆ ಅದನ್ನ ಕೇಳೋ ಹಕ್ಕಿಲ್ಲ ಅಂತ ಹೇಳು."

"ಡಬ್ಬ, ಮೊಳೆ ಕಾಯಿಸಿ ಬೆಸುಗೆ ಹಾಕೋರು ಮೊಳೆ ಹೊಡ್ಕೊಂಡಿರೋದು ಒಳ್ಳೇದು ಅಂತ ಹೇಳು."

ಅತ್ತಿಗೆ ಎದ್ದು ಒಲೆ ಮೇಲೆ ನೀರಿಟ್ಟಳು. ಅವಳಿಗೆ ಯಾರೂ ಹೇಳಿರಲಿಲ್ಲ; ಆದ್ರೆ ಇಂಜಿನ್ನಿನವನ ಹೆಂಡತಿ, ಮುಂದೇನು ಬೇಕು ಅಂತ ಗೊತ್ತಿತ್ತು. ನೀರು ಕಾದ ಮೇಲೆ ಚಿಕ್ಕೋನು ಪಾತ್ರೆಯನ್ನ ಹಿತ್ತಲಿಗೆ ಹೊತ್ತೊಯ್ದ. ಬೆಂಕಿ ಇದ್ದ ಕಡೆ ಪೆಟ್ರೋಲ್ ತುಂಬಿದ ಬುರುಡೆ ಬೇಡ. ಬಿಸಿನೀರಿಗೆ ಹಾಕಿದ್ರೆ ಒಳಗಿನ ಪೆಟ್ರೋಲ್ ಕಾದು ಆವಿಯಾಗಿ, ತೂತು ಎಲ್ಲಿದೆಯೋ ಅಲ್ಲಿಂದ ಗುಳ್ಳೆಯಾಗಿ ಹೊರಗೆ ಬರುತ್ತೆ. ಕಳ್ಳ ತಾನಾಗೇ ಕೈ ಎತ್ತಿದ ಹಾಗೆ.

ಅಣ್ಣ ತಮ್ಮ ಪಾತ್ರೆಯ ಎರಡು ಕಡೆ ಕುಕ್ಕರಗಾಲಲ್ಲಿ ಕೂತರು. ಇಬ್ಬರ ತಲೆ ಇನ್ನೇನು ಡಿಕ್ಕಿ ಹೊಡೀಬೇಕು, ಅಷ್ಟು ಹತ್ರ. ಚಿಕ್ಕೋನು ತಂತಿಯ ಕೊಕ್ಕೆಯಿಂದ ಬುರುಡೆಯನ್ನ ನೀರೊಳಗೆ ಒತ್ತಿ ಹಿಡಿದ.

"ಪಾತ್ರೆಯೇ, ಅಣ್ಣ ಅನ್ನಿಸ್ಕೊಂಡೋರ ಗಂಟಿಂದ ಬರುತ್ತೆ ನೋಡು ಈಗ."

"ಪಾತ್ರೆಯೇ, ಎಂಜಲಿನ ಬೆಸುಗೆಯಿಂದ ಬರುತ್ತೆ. ಬೇಕಾದ್ರೆ ಮೀಸೆ ಪಣಕ್ಕೆ."

ದೊಡ್ಡೋನ ಗಂಟುಗಳು ಸುಮ್ನಿದ್ದವು. ಚಿಕ್ಕೋನ ಬೆಸುಗೆ ಸುಮ್ನಿತ್ತು. ನೀರು ಸುಮ್ನಿತ್ತು. ಆಮೇಲೆ ಸಾಸಿವೆ ಕಾಳಿನಷ್ಟು ಒಂದು ಗುಳ್ಳೆ ಬುರುಡೆಯ ಮೈಯಿಂದ ಎದ್ದು, ಮೆಲ್ಲಗೆ ಮೇಲೆ ಬಂದು, ಪುಟ್ ಅಂತು. ಹಿಂದೆ ಇನ್ನೊಂದು. ಆಮೇಲೆ ಮಣಿ ಪೋಣಿಸಿದ ಹಾಗೆ ಸಾಲು ಸಾಲು.

ಅಪ್ಪನ ಗಂಟಿನ ಬುಡದಿಂದ.

ಇಬ್ಬರೂ ನೋಡಿದ್ರು. ಚಿಕ್ಕೋನು ಬುರುಡೆಯನ್ನ ಅರ್ಧ ಸುತ್ತು ತಿರುಗಿಸಿದ, ಕಣ್ಣಿಗೆ ಮೋಸ ಆಗಿರಬಹುದು ಅಂತ. ಗುಳ್ಳೆಯೂ ಅದರ ಜೊತೆ ಅರ್ಧ ಸುತ್ತು ತಿರುಗಿತು. ದೊಡ್ಡೋನು ಪಾತ್ರೆಯನ್ನೇ ತಿರುಗಿಸಿದ. ಅಪ್ಪನ ಗಂಟು ನಿಶ್ಚಿಂತೆಯಿಂದ ಗುಳ್ಳೆ ಬಿಡ್ತಾನೇ ಇತ್ತು.

ಹಿತ್ತಲಲ್ಲಿ ಎಷ್ಟು ಮೌನ ಅಂದ್ರೆ, ಪಕ್ಕದ ಮನೆಯ ಬೆಕ್ಕು ಏನಾಯ್ತು ಅಂತ ಗೋಡೆ ಹತ್ತಿ ನೋಡಿತು.

"ಬಿಸಿ ಜಾಸ್ತಿ ಆಗಿರಬಹುದು," ಅಂದ ದೊಡ್ಡೋನು. ಪಾತ್ರೆಗೆ ಹೇಳೋದು ಮರೆತಿದ್ದ. ಅದು ಅವನಿಗೆ ಗೊತ್ತಾಗಲಿಲ್ಲ.

ಚಿಕ್ಕೋನು ಪಾತ್ರೆಯನ್ನೇ ನೋಡ್ತಾ ಹೇಳಿದ. "ಬುರುಡೆ ಒಳಗೆ ಗಾಳಿ ಇರುತ್ತೆ ಪಾತ್ರೆಯೇ. ಬೆಸುಗೆ ಹಾಕೋವಾಗ ಆ ಗಾಳಿ ಕಾದು ಹಿಗ್ಗುತ್ತೆ. ಸೀಸ ಗಟ್ಟಿಯಾಗೋ ಮುಂಚೆ ಒಂದು ಕಡೆಯಿಂದ ತೂರ್ಕೊಂಡು ಹೊರಗೆ ಬರುತ್ತೆ, ಕೂದಲೆಳೆ ಅಷ್ಟು ದಾರಿ ಮಾಡುತ್ತೆ. ಮೇಲೆ ಎಷ್ಟು ಸುರಿದ್ರೂ ಆ ದಾರಿ ಹಾಗೇ. ಹೊಸಬರು ಮಾಡೋ ತಪ್ಪು ಇದು." ಅಂದವನು ನಾಲಿಗೆ ಕಚ್ಚಿಕೊಂಡ.

"ಅಪ್ಪ ಹೊಸಬನಾ?"

"ದೋಣಿ ಕಡಲಿಗೆ ಹೋಗ್ತಿತ್ತಲ್ಲ. ಆತುರ ಇತ್ತು."

"ಒಂದೇ ತಿರುವು ಬಾಕಿ ಇತ್ತು," ಅಂತ ಒಪ್ಪಿಕೊಂಡ ದೊಡ್ಡೋನು.

ಇಬ್ಬರೂ ಸ್ವಲ್ಪ ಹೊತ್ತು ಅಪ್ಪನ ಪರವಾಗಿ ಆ ಹೊಳೆಯ ಸೆಳೆತವನ್ನ ಯೋಚನೆ ಮಾಡಿದ್ರು. ಅಷ್ಟು ವರ್ಷ ಒಬ್ಬರ ಮುಖ ಒಬ್ಬರು ನೋಡದೆ ಇದ್ದದ್ದು ಅಪ್ಪನ ಬೆಸುಗೆಯ ಮಾನ ಉಳಿಸೋಕೆ. ಆ ಬೆಸುಗೆ ಒಂದು ದಿನವೂ ಇವರಿಬ್ಬರ ಮಾನ ಉಳಿಸಿರಲಿಲ್ಲ.

"ಈಗ ಅದನ್ನ ಕೆರೆದು ತೆಗೀಬೇಕು," ಅಂದ್ಲು ಅತ್ತಿಗೆ ಬಾಗಿಲಿಂದ. "ಯಾರು ಕೆರೀತೀರಿ?"

ಚಿಕ್ಕೋನು ಕೊಕ್ಕೆ ಕೆಳಗಿಟ್ಟ. "ನನ್ನ ಕೈಲಾಗಲ್ಲ ಅತ್ತಿಗೆ. ಅಪ್ಪಂದು."

ದೊಡ್ಡೋನೂ ಕೈ ಹಿಂದಕ್ಕೆ ಕಟ್ಕೊಂಡ. ಅವನಿಗೆ ಅಪ್ಪನ ಮಾತು ಕಿವಿಯಲ್ಲಿ ಕೇಳ್ತಿತ್ತು: ಇಂಜಿನ್ ಕರಗಿದ್ರೂ. ಅದರ ಹಿಂದೆಯೇ ಗುಂಡಿ ಕಾರ್ಖಾನೆಯ ಗೇಟು ಕಾಣ್ತಿತ್ತು. ಗೇಟಿನ ಪಕ್ಕ ನಾಲ್ಕೂ ಕಾಲು ಗಟ್ಟಿಯಾಗಿ ನೆಲಕ್ಕೂರಿ, ಅಲ್ಲಾಡದೆ ಕಾಯ್ತಾ ಇತ್ತು ಕುರ್ಚಿ. ಕಟ್ಟಿದ್ದ ಕೈ ಬಿಚ್ಚಿ ಮುಂದೆ ಚಾಚಿದ.

"ಕೊಡಿಲ್ಲಿ ಅರ," ಅಂದ.

ಮೊದಲು ಬುರುಡೆಯನ್ನ ತೂತು ಕೆಳಗೆ ಮಾಡಿ ಮತ್ತೆ ಮತ್ತೆ ಬಿಸಿನೀರಿಗೆ ಹಿಡಿದು ಒಳಗಿನ ಪೆಟ್ರೋಲ್ ಪೂರ್ತಿ ಹೊರಗೆ ಹಾಕಿದ್ರು. ಕಿವಿ ಹತ್ರ ಅಲ್ಲಾಡಿಸಿದ್ರೆ ಉಸಿರೂ ಕೇಳಬಾರದು. ಒಂದು ತೊಟ್ಟು ಉಳಿದ್ರೂ ಬೆಸುಗೆಯ ಕಾವಿಗೆ ಸಿಡಿಯುತ್ತೆ. ಆಮೇಲೆ ದೊಡ್ಡೋನು ಅರ ಹಿಡಿದು ಅಪ್ಪನ ಗಂಟು ಕೆರೆದ. ಕೆರೆಯೋವಾಗ ತುಟಿ ಅಲ್ಲಾಡ್ತಿತ್ತು. ಅಪ್ಪನಿಗೆ ಏನೋ ಸಮಜಾಯಿಷಿ ಹೇಳ್ತಿದ್ದ. ತನ್ನ ಗಂಟುಗಳನ್ನ ಕೆರೆಯೋವಾಗ ತುಟಿ ಬಿಗಿಯಾಗಿತ್ತು. ಚಿಕ್ಕೋನು ತನ್ನದನ್ನ ತಾನೇ ಕೆರೆದುಕೊಂಡ. ಕೆಳಗೆ ಹಾಸಿದ ಕಾಗದದ ಮೇಲೆ ಬಿದ್ದ ಸೀಸವನ್ನೆಲ್ಲ ಒಟ್ಟು ಮಾಡಿದ್ರೆ ಒಂದು ಕೋಳಿಮೊಟ್ಟೆಯಷ್ಟಾಯ್ತು. ಇಷ್ಟು ಹೊತ್ತುಕೊಂಡು ಆ ಬುರುಡೆ ಈಜ್ತಾ ಇದ್ದದ್ದೇ ದೊಡ್ಡದು.

ಚಿಕ್ಕೋನು ಅಂಗಡಿಯೊಳಗೆ ಬೆಸುಗೆ ಕಡ್ಡಿ ಕಾಯಿಸಿದ. ಹೊಸ ಸೀಸ ಮುಟ್ಟಲಿಲ್ಲ. ಅಪ್ಪನ ಗಂಟಿನ ಚೂರುಗಳಲ್ಲಿ ಒಂದೇ ಒಂದು ಆರಿಸಿಕೊಂಡ, ಅಕ್ಕಿಕಾಳಿನಷ್ಟು.

"ಸೀಸ ಅಪ್ಪಂದೇ ಇರಲಿ ಡಬ್ಬ," ಅಂದ. "ಕೈ ಮಾತ್ರ ನಂದು."

ಅಂಚು ಉದ್ದಕ್ಕೂ ಬಾಗಿಲ ಸಂದಿನ ಬೆಳಕಿನಷ್ಟು ತೆಳ್ಳಗೆ ಎಳೆದ. ಕೊನೆಯ ಚುಕ್ಕೆ ಬಿಟ್ಟು, ಬುರುಡೆ ಪೂರ್ತಿ ಆರೋ ತನಕ ಕಾದ. ಮೂವರೂ ಟೀ ಕುಡಿದ್ರು. ಆಮೇಲೆ ಆ ಚುಕ್ಕೆಗೆ ಕಡ್ಡಿ ಮುಟ್ಟಿಸಿ ತೆಗೆದ, ಸೊಳ್ಳೆ ಕೂತು ಎದ್ದಷ್ಟು ಹೊತ್ತು. ಬಿಸಿನೀರಿಗೆ ಮತ್ತೆ ಹಾಕಿದಾಗ ಗುಳ್ಳೆ ಬರಲಿಲ್ಲ. ಬುರುಡೆ ಕೊಕ್ಕೆಯಿಂದ ತಪ್ಪಿಸಿಕೊಂಡು ಬಾತುಕೋಳಿ ಮರಿ ಹಾಗೆ ಮೇಲೆ ಬಂದು ಕೂತ್ಕೊಳ್ತು.

ಮಾರನೇ ದಿನ ಮೂಗಿನ ಸಾಹೇಬ್ರು ಬಂದಾಗ ಚಿಕ್ಕೋನು ದೋಣಿಯ ಮೂತಿಯಲ್ಲಿ ಬೆನ್ನು ತಿರುಗಿಸಿ ಕೂತಿದ್ದ. ಸೂಜಿ ಸರಿಯಾಗಿ ಕೂತಿದೆಯಾ ನೋಡೋಕೆ ಬಂದಿದ್ದೀನಿ, ನೋಡಿ ಹೋಗ್ತೀನಿ ಅಂತ ಲಂಗರಿನ ಹಗ್ಗಕ್ಕೆ ಹೇಳಿದ್ದ. ನೋಡಿ ಆಗಿ ಬಹಳ ಹೊತ್ತಾಗಿತ್ತು.

ಸಾಹೇಬ್ರು ಮೆಟ್ಟಿಲ ಮೇಲೆ ನಿಂತು ಉಸಿರೆಳೆದರು. ಕೆಳಗಿಳಿದು ಎಳೆದರು. ಇಂಜಿನ್ನಿನ ಹತ್ರ ಬಗ್ಗಿ ಎಷ್ಟು ಜೋರಾಗಿ ಎಳೆದರು ಅಂದ್ರೆ ದೊಡ್ಡೋನ ಟೋಪಿ ಅತ್ತ ಕಡೆ ವಾಲಿತು.  ಬಿಳೀ ಕರವಸ್ತ್ರವನ್ನ ಕಾರ್ಬೋರೇಟರ್ ಕೆಳಗೆ ಹಾಸಿ, "ನಡಿ," ಅಂದ್ರು.

ಹೊಳೆ ಶಾಂತವಾಗಿತ್ತು. ದೊಡ್ಡೋನ ಕಣ್ಣು ಮಾತ್ರ ಹೊಳೆ ಮೇಲಿರಲಿಲ್ಲ, ಕರವಸ್ತ್ರದ ಮೇಲಿತ್ತು. ಹೋಗ್ತಾ ಒಂದು ದಿಣ್ಣೆಗೆ ದೋಣಿ ತಾಗಿಸಿದ, ಬೇರೆಯವರ ಬಲೆಯೊಂದನ್ನ ದಾಟಿದ, ಅವರು ಬೈದದ್ದೂ ಕೇಳಲಿಲ್ಲ. ಆಚೆ ದಡ ಬಂತು. ಸಾಹೇಬ್ರು ಕರವಸ್ತ್ರ ಎತ್ತಿ ಬಿಸಿಲಿಗೆ ಹಿಡಿದರು, ಮೂಗಿಗೆ ಹಿಡಿದರು, ಆಮೇಲೆ ಅದರಲ್ಲೇ ಮೂಗು ಒರೆಸಿಕೊಂಡು ಜೇಬಿಗೆ ಹಾಕಿದ್ರು.

"ಸರಪಳಿ ಬೇಡ," ಅಂದ್ರು. "ಯಾರಪ್ಪ ಬೆಸುಗೆ ಹಾಕಿದ್ದು?"

ದೊಡ್ಡೋನು ಬಾಯಿ ತೆಗೆದ. ಹತ್ರದಲ್ಲಿ ಚೌಕಟ್ಟಿರಲಿಲ್ಲ, ಡಬ್ಬ ಇರಲಿಲ್ಲ. ಕೇಳಿದವರು ಸಾಹೇಬ್ರು, ಗೋಡೆ ಅಲ್ಲ.

"ನನ್ನ ತಮ್ಮ," ಅಂದ.

ಮೂತಿಯಲ್ಲಿ ಕೂತವನ ಬೆನ್ನು ಅಲ್ಲಾಡಲಿಲ್ಲ. ಕಿವಿ ಮಾತ್ರ ಕೆಂಪಗಾಯ್ತು.

ಸಾಹೇಬ್ರು ಅಲ್ಲೇ ಇಳಿದು ಹೋದ್ರು. ವಾಪಸ್ ಬರೋವಾಗ ದೋಣಿಯಲ್ಲಿ ಇವರಿಬ್ಬರೇ. ದೊಡ್ಡೋನಿಗೆ ಎಲ್ಲಿಲ್ಲದ ಹುರುಪು. ಇಂಜಿನ್ನಿಗೆ ಪೂರ್ತಿ ಕೊಟ್ಟ. ಅದೂ ಸೋಪಿನ ಹೊರೆ ಇಳಿಸಿದ ಸುಖಕ್ಕೆ ಗುಡುಗಿತು. ಚಿಕ್ಕೋನು ಹತ್ರ ಬಂದು ಇಂಜಿನ್ನಿನ ಕಡೆ ಬಗ್ಗಿ ಏನೋ ಅಂದ.

"ಏನೋ?" ಅಂತ ಕೂಗಿದ ದೊಡ್ಡೋನು.

"ನಿನಗಲ್ಲ, ಇಂಜಿನ್ನಿಗೆ ಹೇಳಿದ್ದು!"

"ಇಂಜಿನ್ನಿಗೆ ಕಿವಿ ಇದೆಯೇನೋ ಕತ್ತೆ?"

"ನಿನಗಿದೆಯಾ? ಇಷ್ಟು ಜೋರು ಕೊಟ್ರೆ ಮೊದಲ ದಿನಾನೇ ಸೂಜಿ ಸವೆಯುತ್ತೆ! ಅಪ್ಪ ಯಾವತ್ತಾದ್ರೂ ಹೀಗೆ ಓಡಿಸಿದ್ನಾ?"

"ಅಪ್ಪನ ಸುದ್ದಿ ನನ್ನ ಹತ್ರ ಎತ್ತಬೇಡ! ಅಪ್ಪನ ಬೆಸುಗೆ ಕೆರೆದೋನು ನಾನು!"

"ಕೆರೆದದ್ದೂ ಸೊಟ್ಟ! ಅಂಚೆಲ್ಲ ಗೀರು ಹಾಕಿಟ್ಟಿದ್ದೀಯ!"

ದೋಣಿ ನಡುಹೊಳೆಯಲ್ಲಿ ಸುತ್ತು ಹೊಡೆಯೋಕೆ ಶುರು ಮಾಡ್ತು, ಚುಕ್ಕಾಣಿ ಯಾರೂ ಹಿಡಿದಿರಲಿಲ್ಲ. ಈಚೆ ದಡದಲ್ಲಿ ದಾಟೋಕೆ ನಿಂತಿದ್ದ ಜನ ಕೈ ಬೀಸಿದ್ರು, ಕೂಗಿದ್ರು. ದೋಣಿಯಲ್ಲಿ ಇಬ್ಬರೂ ಎದ್ದು ನಿಂತು, ಮುಖಕ್ಕೆ ಮುಖ ಕೊಟ್ಟು, ಅಷ್ಟೂ ವರ್ಷದ ಬಾಕಿ ಮಾತು ತೀರಿಸ್ತಿದ್ರು.

ದೊಡ್ಡೋನ ಹೆಂಡತಿ ಮೆಟ್ಟಿಲ ಮೇಲೆ ಕೂತು, ಸೋಪಿನೊಳಗೆ ಸಿಕ್ಕಿದ ಬಾಚಣಿಗೆಯಲ್ಲಿ ತಲೆ ಬಾಚ್ಕೊಳ್ತಿದ್ಲು.

"ಅಬ್ಬಾ, ಅಂತೂ ಸರಿಹೋಯ್ತು," ಅಂದ್ಲು.

"ಏನಕ್ಕ, ಸೋರೋದು ನಿಂತ್ಹೋಯ್ತಾ?" ಅಂತ ಕೇಳಿದ ಕ್ಷೌರದವನು, ಕತ್ತರಿಯನ್ನ ಗಾಳಿಯಲ್ಲೇ ಹಿಡಿದು. ಟಪ್ ಟಪ್ ಇಲ್ಲದೆ ಬೆಳಗ್ಗೆಯಿಂದ ಅವನಿಗೆ ಒಂದು ತಲೆಯನ್ನೂ ಮುಗಿಸೋಕೆ ಆಗಿರಲಿಲ್ಲ.

"ಅದೂ ನಿಂತ್ಹೋಯ್ತು," ಅಂದ್ಲು ಅವಳು. "ನಿಂತ್ಹೋಗಿದ್ದು ಶುರುವಾಯ್ತು."